ದಣಪೆ ಹಾಕಿದ್ರಾ?

ಮಗಳಿಗೆ ಜ್ವರ, ಕರ್ಕೊಂಡು ಹೋಗಿ ಅಂತ ಇವತ್ತು ಕೊಪ್ಪದ ಶಾಲೆಯಿಂದ ಫೋನ್ ಬಂತು. ಗೇಟಲ್ಲಿ ವಾಚ್‌ಮನ್ ರಾಘು, ಶೆಟ್ಟಿಕೊಪ್ಪದ ನಮ್ಮ ಪಕ್ಕದ ಮನೆಯವನೇ.

"ನನ್ನ ಗುರ್ತ ಇಲ್ವೇನೋ ಮಾರಾಯ?"

"ಗುರ್ತ ಇಲ್ದೆ ಇರುತ್ತಾ ಅಕ್ಕಾ? ಆದ್ರೆ ನಿಮ್ಮ ಫೋನಿಗೆ ಶಾಲೆಯ ಓಟಿಪಿ ಬರ್ದೆ ಒಳಗೆ ಬಿಡಂಗಿಲ್ಲ."

ಓಟಿಪಿ ಬರೋಕೆ ನೆಟ್‌ವರ್ಕ್ ಬೇಕಲ್ಲ. ಹೊಸ ಪೇಂಟಿನ ವಾಸನೆ ಹೊಡೀತಿದ್ದ ಗೇಟಿನ ಹೊರಗೆ ಸಿಗ್ನಲ್ ಹುಡುಕುತ್ತಾ ನಿಂತೆ.

ಕೆರೆಕಟ್ಟೆಯಲ್ಲಿ ನಾನು ಓದಿದ ಶಾಲೆಗೆ ಗೇಟೇ ಇರಲಿಲ್ಲ. ಇದ್ದಿದ್ದು ದಣಪೆ, ಎರಡು ಕಂಬದ ತೂತಿಗೆ ಅಡ್ಡ ತೂರಿಸಿದ ಬಿದಿರ ಗಳುಗಳು. ಎಲ್ಲರ ಕೈ ತಾಗಿ ತಾಗಿ ನುಣ್ಣಗಾಗಿದ್ದವು. ನನಗೆ ಜ್ವರ ಬಂದ ದಿನ ಅಪ್ಪಯ್ಯ ಗದ್ದೆಯ ಕೆಸರುಗಾಲಲ್ಲೇ ಬಂದಿದ್ದ. ಮೇಷ್ಟ್ರು ಬೋರ್ಡಿನಿಂದ ತಿರುಗದೆ, ಯಾರು ಬಂದರೂ ಕೇಳುವ ಮಾತನ್ನೇ ಕೇಳಿದರು: "ದಣಪೆ ಹಾಕಿದ್ರಾ?"

ದನ ನುಗ್ಗಬಾರದು, ಅಷ್ಟೆ.

"ಹಾಕಿದೆ" ಅಂದ ಅಪ್ಪಯ್ಯ, ನನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಇಲ್ಲಿ ಶಾಲೆಯ ವ್ಯಾನ್ ಬಂತು. ರಾಘು ಗೇಟನ್ನು ಪೂರ್ತಿ ತೆಗೆದ. ವ್ಯಾನಿನ ಹಿಂದೆಯೇ ಒಂದು ಬೀದಿ ದನ ಆರಾಮಾಗಿ ಒಳಗೆ ಹೋಯ್ತು. ನಾನು ಫೋನ್ ಮೇಲೆತ್ತಿ ಹಿಡಿದುಕೊಂಡು ಹೊರಗೇ ನಿಂತಿದ್ದೆ.