ಕೆಂಪು ಗೆರೆಯ ಒಳಗಿನ ಹೊಲ

ಮನೆ ಕಟ್ಟಲು ಅನುಮತಿ ಕೇಳಿ ಬರುವ ಅರ್ಜಿಗಳಲ್ಲಿ ಮೂರಕ್ಕೊಂದನ್ನು ನಾನು ವಾಪಸ್ ಕಳಿಸುತ್ತೇನೆ. ಕೌಂಟಿ ಕಚೇರಿಯ, ಅಂದರೆ ನಮ್ಮ ಜಿಲ್ಲಾ ಕಚೇರಿಯ, ಕಿಟಕಿಯ ಹಿಂದೆ ಕೂತು ಇಪ್ಪತ್ತಾರು ವರ್ಷವಾಯಿತು, ಜನ ನನ್ನನ್ನು ಬೈಯುವುದೂ ಅಷ್ಟೇ ವರ್ಷದಿಂದ ನಡೆದಿದೆ. ನಕ್ಷೆಯ ಆರು ಪ್ರತಿ ಕೇಳಿದರೆ ಐದು ತರುತ್ತಾರೆ. ಉತ್ತರ ದಿಕ್ಕಿನ ಬಾಣ ಹಾಕಿರುವುದಿಲ್ಲ. ಇಲ್ಲಿ ಮನೆ ಕಟ್ಟುತ್ತೇನೆ ಎಂದು ಹೊಲದ ಗೇಟಿಗೆ ಕಟ್ಟಬೇಕಾದ ನೋಟಿಸನ್ನು ಹಸು ತಿಂದುಬಿಟ್ಟಿತು ಎಂದು ಒಬ್ಬ ಹೇಳಿದ್ದ. ಹೋಗಿ ನೋಡಿದರೆ ನಿಜವಾಗಿಯೂ ತಿಂದಿತ್ತು. ಆದರೂ ಅವನ ಅರ್ಜಿ ವಾಪಸ್ ಹೋಯಿತು. ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಒಮ್ಮೆಯೂ ಸಿಕ್ಕಿಬೀಳದವಳು ಒಬ್ಬಳೇ, ಊರಿನವರಿಗೆ ಮನೆಯ ನಕ್ಷೆ ಎಳೆದುಕೊಡುವ ಡಿಂಪ್ನಾ ರಾಟಿಗನ್.

ಡಿಂಪ್ನಾ ದೊಡ್ಡ ಓದು ಓದಿದವಳಲ್ಲ. ಹದಿನೆಂಟನೇ ವಯಸ್ಸಿಗೆ ಒಬ್ಬ ಎಂಜಿನಿಯರನ ಹತ್ತಿರ ನಕ್ಷೆ ಎಳೆಯಲು ಸೇರಿದಳು. ಅವನು ತೀರಿಕೊಂಡ ಮೇಲೆ ಅವನ ಮೇಜು, ದೀಪ, ಗಿರಾಕಿಗಳು ಎಲ್ಲ ಅವಳ ಪಾಲಿಗೆ ಬಂದವು. ಹಳ್ಳಿಯ ಹಾರ್ಡ್‌ವೇರ್ ಅಂಗಡಿಯ ಮೇಲೆ ಅವಳಿಗೆ ಎರಡು ಬಾಡಿಗೆ ಕೋಣೆ, ಒಂದರಲ್ಲಿ ಮೇಜು, ಇನ್ನೊಂದರಲ್ಲಿ ಮಂಚ. ಕಡಿದಾದ ಹತ್ತೊಂಬತ್ತು ಮೆಟ್ಟಿಲು. ಸುತ್ತಲಿನ ಇನ್ನೂರು ಮನೆ ಆ ಮೇಜಿನ ಮೇಲೆ ಹುಟ್ಟಿವೆ, ಆದರೆ ಅವಳಿಗೆ ಸ್ವಂತದ್ದೊಂದು ಬಾಗಿಲಿರಲಿಲ್ಲ. ನಮ್ಮಲ್ಲಿ ಮನೆ ಮಗನಿಗೆ ಹೋಗುತ್ತದೆ. ಅಣ್ಣ ಮನೆಯನ್ನು ಮಾರಿ ಡಬ್ಲಿನ್ ಸೇರಿದ. ಅಪ್ಪ ಅವಳಿಗೆ ಬಿಟ್ಟುಹೋಗಿದ್ದು ರಸ್ತೆಬದಿಯ ಒಂದು ಎಕರೆ ಹೊಲ ಮಾತ್ರ.

ಗಿರಾಕಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರೆ ಅವಳು ಕೂರು ಅನ್ನುತ್ತಿರಲಿಲ್ಲ. "ಖಾತೆ ಪತ್ರ ತಂದಿದೀಯಾ?" ಅನ್ನುತ್ತಿದ್ದಳು. ಅದಕ್ಕೆ ಕಾರಣವಿತ್ತು. ನಮ್ಮ ಕಡೆ ಹೊಲವೇ ಬೇರೆ, ಕಾಗದವೇ ಬೇರೆ. ಅರ್ಧ ಊರಿನ ಜಮೀನು ಸತ್ತವರ ಹೆಸರಲ್ಲಿದೆ. ಇನ್ನರ್ಧವನ್ನು ನಮ್ಮ ತಾತಂದಿರು ಹಳೆಯ ಪದ್ಧತಿಯಂತೆ ಅಂಗೈಗೆ ಉಗುಳಿ, ಕೈ ಕುಲುಕಿ ಅದಲುಬದಲು ಮಾಡಿಕೊಂಡು, ಒಂದಕ್ಷರವನ್ನೂ ಬರೆಯದೆ ಮಣ್ಣಾಗಿದ್ದಾರೆ. ಮನೆ ಕಟ್ಟುವ ಜಾಗದ ಸುತ್ತ ನಕ್ಷೆಯಲ್ಲಿ ಕೆಂಪು ಗೆರೆ ಎಳೆಯುವ ಮೊದಲು ಆ ಜಾಗ ಯಾರ ಖಾತೆಯಲ್ಲಿದೆ ಎಂದು ಅವಳು ಕಣ್ಣಾರೆ ನೋಡಲೇಬೇಕು.

ಅವಳು ತನ್ನದೇ ಮನೆಗೆ ಅರ್ಜಿ ಹಾಕುವುದಕ್ಕೆ ಒಂಬತ್ತು ವರ್ಷ ಮೊದಲು ಫಿಂಟನ್ ಲೋಹನ್ ಆ ಮೆಟ್ಟಿಲು ಹತ್ತಿ ಬಂದಿದ್ದ. ಡಿಂಪ್ನಾಳ ಹೊಲಕ್ಕೆ ಎದುರು, ರಸ್ತೆಯ ಆಚೆ ಬದಿ ಅವನ ಮನೆ. ಮಗಳು ಸೊರಕಾಗೆ ಮನೆಯ ಹಿಂದಿನ ಹೊಲದಲ್ಲಿ ಒಂದು ಮನೆ ಆಗಬೇಕಿತ್ತು. ಖಾತೆ ಪತ್ರ ಎಲ್ಲಿ ಎಂದರೆ ಅವನು ತಂದಿರಲಿಲ್ಲ. "ಅರ್ಜಿಯಲ್ಲಿ ಮಾಲೀಕ ಅಂತ ಟಿಕ್ ಹಾಕು, ಸಾಕು," ಎಂದ. "ಸುಳ್ಳು ಬರೆಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಅವಳು ಬಾಗಿಲು ತೋರಿಸಿದಳು. ಕೆಳಗೆ ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೆ ಅದು ಕೇಳಿಸಿತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಚರ್ಚಿನಲ್ಲಿ ಒಂದೇ ಬೆಂಚು ಸಿಕ್ಕರೂ ಅವನು ಎದ್ದು ಹಿಂದೆ ಹೋಗಿ ನಿಲ್ಲುತ್ತಿದ್ದ. ಸೊರಕಾ ಪಟ್ಟಣದಲ್ಲಿ ಮನೆ ಹಿಡಿದಳು.

ಡಿಂಪ್ನಾಗೆ ಐವತ್ತೆಂಟಾದಾಗ ಮಂಡಿ ಕೈಕೊಟ್ಟಿತು. ಆಗ ತನ್ನ ಹೊಲದಲ್ಲಿ ತನಗೆಂದು ಒಂದು ಪುಟ್ಟ ಮನೆಯ ನಕ್ಷೆ ಎಳೆದಳು, ಒಂದು ಮೆಟ್ಟಿಲೂ ಇಲ್ಲದ್ದು. ಎಳೆಯಲು ಎರಡು ವರ್ಷ ಹಿಡಿಯಿತು, ಬೇರೆಯವರ ಕೆಲಸ ಯಾವಾಗಲೂ ಮುಂದೆ ನಿಲ್ಲುತ್ತಿತ್ತು. ಅಷ್ಟರಲ್ಲಿ ನಮ್ಮ ಕಚೇರಿಯಲ್ಲಿ, ಎಲ್ಲಿ ಮನೆ ಕಟ್ಟಬಹುದು ಎಲ್ಲಿ ಬಾರದು ಎಂದು ಗೊತ್ತುಮಾಡುವ ಹೊಸ ಯೋಜನೆ ತಯಾರಾಯಿತು. ಅದು ಜಾರಿಗೆ ಬಂದರೆ ಆ ರಸ್ತೆಯಲ್ಲಿ ಇನ್ನು ಹೊಸ ಮನೆಗೆ ಅನುಮತಿ ಇಲ್ಲ. ಅರ್ಜಿ ತೀರ್ಮಾನವಾಗಲು ಎಂಟು ವಾರ ಬೇಕು. ಯೋಜನೆ ಜಾರಿಯಾಗುವ ದಿನದಿಂದ ಎಂಟು ವಾರ ಹಿಂದಕ್ಕೆ ಎಣಿಸಿದರೆ ಕೊನೆಯ ದಿನ ಮಾರ್ಚ್ ತಿಂಗಳ ಒಂದು ಶುಕ್ರವಾರ, ಸಂಜೆ ನಾಲ್ಕು ಗಂಟೆ. ಅಂದು ತಪ್ಪಿದರೆ, ಇಲ್ಲವೇ ಅರ್ಜಿಯಲ್ಲಿ ಒಂದು ತಪ್ಪಿದ್ದು ವಾಪಸ್ ಬಂದರೆ, ಸಾಯುವ ತನಕ ಆ ಹತ್ತೊಂಬತ್ತು ಮೆಟ್ಟಿಲೇ ಗತಿ.

ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಾಗಿತ್ತು. ಗೇಟಿಗೆ ನೋಟಿಸು ಬಿದ್ದು ಹತ್ತು ದಿನವಾಗಿತ್ತು. ಮನೆಯ ಕೊಳಚೆ ನೀರನ್ನು ನೆಲ ಹೀರುತ್ತದೆಯೇ ಎಂದು ತಿಳಿಯಲು ಗುಂಡಿ ತೋಡಿ, ನೀರು ಸುರಿದು, ಎಷ್ಟು ಹೊತ್ತಿಗೆ ಇಂಗುತ್ತದೆಂದು ನೋಡಿಯೂ ಆಗಿತ್ತು. ಆರು ಪ್ರತಿ ಮಡಿಸಿಟ್ಟಿದ್ದಳು. ತನ್ನ ಖಾತೆ ಪತ್ರವನ್ನು ಮಾತ್ರ ಆ ವಾರವಷ್ಟೇ ನೋಂದಣಿ ಕಚೇರಿಗೆ ಬರೆದು ಕೇಳಿದ್ದಳು, ಅದೂ ಫೈಲಿನಲ್ಲಿ ಒಂದಿರಲಿ ಎಂದು. ಅವಳು ಆಡಿ ಬೆಳೆದ ಹೊಲ, ಅಪ್ಪ ಅವಳ ಕೈಹಿಡಿದು ಬೇಲಿ ತೋರಿಸಿದ್ದ ಹೊಲ, ಅದರಲ್ಲಿ ನೋಡುವುದೇನಿದೆ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ತನ್ನ ಸರದಿ ಬಂದಾಗ ಊರಿನವರ ಹಾಗೆಯೇ ಮಾಡಿದಳು.

ಶುಕ್ರವಾರ ಹನ್ನೆರಡಕ್ಕೆ ಅಂಚೆಯಲ್ಲಿ ಖಾತೆ ಪತ್ರ ಬಂತು. ಮಾಲೀಕರ ಹೆಸರಿನ ಎದುರು ಲೋಹನ್, ಫಿಂಟನ್ ಎಂದಿತ್ತು.

ಅವಳು ಮೂರು ಸಲ ಓದಿದಳಂತೆ. ವಕೀಲನಿಗೆ ಫೋನ್ ಮಾಡಿದಳು. ಹಳೆಯ ಅದಲುಬದಲು ಇರಬೇಕು, ಸರಿಪಡಿಸಲು ಒಂದು ವರ್ಷವಾದರೂ ಹಿಡಿಯುತ್ತದೆ ಎಂದು ಅವನು ಹೇಳಿದ. ಆಮೇಲೆ ದನಿ ತಗ್ಗಿಸಿ, "ಮಾಲೀಕಳು ಅಂತ ಟಿಕ್ ಹಾಕಿ ಕೊಟ್ಬಿಡಿ. ಆ ಕೋಲಂ ಖಾತೆಯನ್ನೇನು ನೋಡ್ತಾನಾ?" ಎಂದ. ಕೋಲಂ ಅಂದರೆ ನಾನು. ಅವನು ಹೇಳಿದ್ದು ನಿಜ, ಖಾತೆ ನೋಡುವುದು ನನ್ನ ಕೆಲಸವಲ್ಲ. ಅರ್ಜಿಯ ಹತ್ತನೆಯ ಪ್ರಶ್ನೆಯ ಮುಂದೆ ಮೂರು ಚೌಕ ಇವೆ: ಮಾಲೀಕ, ವಾಸವಿರುವವ, ಇತರೆ. ಅವಳು ಮೊದಲ ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದಳು. ಅಳಿಸಿದಳು. ಮತ್ತೆ ಹಾಕಿದಳು. ಆ ಕಾಗದ ಈಗಲೂ ನಮ್ಮ ಕಡತದಲ್ಲಿದೆ, ಆ ಚೌಕದ ಹತ್ತಿರ ಉಜ್ಜಿ ಉಜ್ಜಿ ತೆಳ್ಳಗಾಗಿದೆ. ಕೊನೆಗೆ ಮೂರನೆಯ ಚೌಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಜಮೀನಿನ ಮಾಲೀಕರ ಒಪ್ಪಿಗೆ ಪತ್ರ ಎಂದು ಮೂರು ಸಾಲು ಟೈಪ್ ಮಾಡಿಕೊಂಡು ಹೊರಟಳು.

ಫಿಂಟನ್ ಬಾಗಿಲು ತೆಗೆದಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಅಲ್ಲಿಂದ ನಮ್ಮ ಕಚೇರಿಗೆ ಮುಕ್ಕಾಲು ಗಂಟೆಯ ದಾರಿ.

"ಏನು?" ಎಂದ.

"ಒಂದು ಸಹಿ ಬೇಕಿತ್ತು, ಫಿಂಟನ್."

ಅವನು ಅವಳ ಕೈಯಲ್ಲಿದ್ದ ಕಾಗದ ನೋಡಿದ, ಮಂಡಿ ನೋಡಿದ. "ಒಳಗೆ ಬಾ. ಚಹಾ ಇಡ್ತೀನಿ."

ಒಂಬತ್ತು ವರ್ಷದ ಮೇಲೆ ಬಂದ ಚಹಾ. ಬೇಡ ಅಂದರೆ ಅದೇ ಕೊನೆ, ನಮ್ಮಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವಳು ಕೂತಳು. ಅವನು ಕರೆಂಟಿನ ಕೆಟಲ್ ಬಿಟ್ಟು, ಪೀಟ್ ಎಂಬ ಒಣಗಿಸಿದ ಜೌಗುಮಣ್ಣಿನ ಹೆಂಟೆ ಉರಿಯುವ ಒಲೆಯ ಮೇಲೆ ಹಳೆಯ ಕಬ್ಬಿಣದ ಕೆಟಲ್ ಇಟ್ಟ. ನೀರು ಕುದಿಯಲು ಹದಿನೈದು ನಿಮಿಷ. ಬ್ರೆಡ್ ಕೊಯ್ದ, ಬೆಣ್ಣೆ ಹುಡುಕಿದ. ತೊಳೆದಿಟ್ಟ ಕಪ್ಪುಗಳನ್ನು ಮತ್ತೆ ತೊಳೆದ.

"ಗಡಿಯಾರ ಯಾಕೆ ನೋಡ್ತೀಯ?" ಎಂದ. "ಒಂಬತ್ತು ವರ್ಷ ಆದ್ಮೇಲೆ ಬಂದಿದೀಯ. ಒಂದು ಗಂಟೆ ಕೂರೋಕಾಗಲ್ವಾ?"

"ನಾಲ್ಕಕ್ಕೆ ಆಫೀಸು ಮುಚ್ಚುತ್ತೆ."

"ಗೇಟಿನ ನೋಟಿಸು ಓದಿದೆ. ಒಂದೇ ಅಂತಸ್ತಂತೆ."

"ಮೆಟ್ಟಿಲು ಹತ್ತಿ ಸಾಕಾಗಿದೆ."

"ಆ ಮೆಟ್ಟಿಲು ನಂಗೂ ಗೊತ್ತು. ಇಳಿಯೋದು ಇನ್ನೂ ಕಷ್ಟ," ಎಂದು ಅವನು ಚಹಾ ಬಗ್ಗಿಸಿದ.

ಅವಳು ಖಾತೆ ಪತ್ರ ಮೇಜಿನ ಮೇಲಿಟ್ಟಳು. "ಆ ಹೊಲ ಕಾಗದದಲ್ಲಿ ನಿಮ್ಮ ಹೆಸರಲ್ಲಿದೆ. ಇವತ್ತು ಮಧ್ಯಾಹ್ನ ಗೊತ್ತಾಯ್ತು."

"ಅಂದ್ರೆ ನನ್ನ ಹೊಲದಲ್ಲಿ ನೀನು ಮನೆ ಕಟ್ತಿದೀಯ."

"ಕಾಗದದ ಪ್ರಕಾರ ಹೌದು."

"ಮಾಲೀಕಳು ಅಂತ ಟಿಕ್ ಹಾಕಿ ಕೊಡಬಹುದಿತ್ತಲ್ಲ, ರಾಟಿಗನ್ ಮಗಳೇ."

"ಬೇರೆಯವರಿಗೆ ಹಾಕೋಕೆ ಬಿಡ್ಲಿಲ್ಲ. ನಂಗೆ ಹೇಗೆ ಹಾಕ್ಕೊಳ್ಲಿ."

ಸಕ್ಕರೆ ಕಲಕುತ್ತಿದ್ದ ಚಮಚ ನಿಂತಿತು. "ಆ ಬೇರೆಯವನು ನಾನು," ಎಂದ.

"ಹೌದು. ನೀವೇ."

ಅವನು ಎದ್ದು ಕನ್ನಡಕ ಹುಡುಕಲು ಹೋದ. ಒಳಗಿನಿಂದ ಡ್ರಾಯರು ತೆಗೆಯುವ, ಮುಚ್ಚುವ ಸದ್ದು. ಬಂದು ಕೂತು ಮೂರು ಸಾಲಿನ ಪತ್ರವನ್ನು ಮೂವತ್ತು ಸಾಲಿರುವಂತೆ ಓದಿದ. ಆಗ ಮೂರಾಗಿ ಎರಡು ನಿಮಿಷ. ಮೂರು ಗಂಟೆ ಆರು ನಿಮಿಷಕ್ಕೆ ಸಹಿ ಹಾಕಿ ಕಾಗದ ಅವಳ ಕಡೆ ತಳ್ಳಿದ. "ತಿರುವಿನಲ್ಲಿ ಕುರಿ ಇರ್ತವೆ. ನೋಡ್ಕೊಂಡು ಹೋಗು," ಎಂದ. ಅಷ್ಟೇ.

ಕುರಿಗಳಿದ್ದವು. ಅವಳು ನನ್ನ ಕಿಟಕಿಗೆ ಬಂದಾಗ ನಾಲ್ಕಕ್ಕೆ ಆರು ನಿಮಿಷ ಬಾಕಿ. ಶುಲ್ಕ ಅರವತ್ತೈದು ಯೂರೋ ತೆಗೆಯುವಾಗ ಚಿಲ್ಲರೆ ನೆಲಕ್ಕೆ ಬಿತ್ತು. ನಾನು ಯಾರಿಗೂ ರಿಯಾಯಿತಿ ಕೊಡುವವನಲ್ಲ. ಆರು ಪ್ರತಿ ಎಣಿಸಿದೆ, ಬಾಣ ನೋಡಿದೆ, ಪತ್ರಿಕೆಯ ಪುಟ ನೋಡಿದೆ. ಎಲ್ಲ ಇತ್ತು. ಮುದ್ರೆ ಒತ್ತಿದೆ.

ಅಲ್ಲಿಗೆ ಮುಗಿಯಲಿಲ್ಲ. ನಮ್ಮಲ್ಲಿ ಅರ್ಜಿ ಕೊಟ್ಟ ಮೇಲೆ ಐದು ವಾರ ಬಾಗಿಲು ತೆರೆದಿರುತ್ತದೆ. ಯಾರು ಬೇಕಾದರೂ ಇಪ್ಪತ್ತು ಯೂರೋ ಕಟ್ಟಿ ಆ ಮನೆಯ ಬಗ್ಗೆ ಬರೆದುಕೊಡಬಹುದು. ಅಣ್ಣನ ಮನೆಗೆ ತಮ್ಮ ತಕರಾರು ಬರೆದದ್ದನ್ನು ನಾನೇ ಸ್ವೀಕರಿಸಿದ್ದೇನೆ. ಜಮೀನು ನನ್ನದು, ಅವಸರ ಮಾಡಿ ಸಹಿ ಹಾಕಿಸಿಕೊಂಡಳು ಎಂದು ಫಿಂಟನ್ ಒಂದು ಸಾಲು ಬರೆದರೂ ಸಾಕು, ಮೇಲಿನವರು ವಿವರಣೆ ಕೇಳುತ್ತಾರೆ, ವಾರಗಳು ಉರುಳುತ್ತವೆ, ಹೊಸ ಯೋಜನೆ ಬಂದು ಕೂರುತ್ತದೆ. ಡಿಂಪ್ನಾ ಪ್ರತಿ ಮಂಗಳವಾರ ಫೋನ್ ಮಾಡುತ್ತಿದ್ದಳು. "ಏನಾದ್ರೂ ಬಂತಾ, ಕೋಲಂ?" ಒಮ್ಮೆ, "ಹೊಲ ತಮ್ಮ ಹೆಸರಲ್ಲಿದೆ ಅಂದಾಗ ಫಿಂಟನ್‌ಗೆ ಆಶ್ಚರ್ಯವೇ ಆಗ್ಲಿಲ್ಲ ಕಣೋ. ಮೊದಲೇ ಗೊತ್ತಿದ್ದ ಹಾಗಿತ್ತು," ಎಂದಳು. ಆ ಮಾತು ಕೇಳಿ ನನಗೂ ಹೆದರಿಕೆಯಾಯಿತು.

ಐದನೆಯ ವಾರದ ಕೊನೆಯ ದಿನ ಫಿಂಟನ್ ಲೋಹನ್ ತಾನೇ ಬಂದ. ಸಾವಿನ ಮನೆಗೆ ಹಾಕಿಕೊಂಡು ಹೋಗುವ ಕರಿ ಕೋಟು ತೊಟ್ಟಿದ್ದ. ಒಂದು ಲಕೋಟೆ ಮತ್ತು ಇಪ್ಪತ್ತರ ನೋಟು ಕಿಟಕಿಯೊಳಗೆ ತಳ್ಳಿದ.

"ರಾಟಿಗನ್ ಅರ್ಜಿಗೆ," ಎಂದ.

"ಐದು ವಾರ ಸುಮ್ನಿದ್ದು ಇವತ್ತು ಬಂದ್ರಾ?" ಎಂದೆ. ನಾನು ಹಾಗೆ ಕೇಳಬಾರದಿತ್ತು.

"ರಸೀದಿ ಕೊಡೋದು ನಿನ್ನ ಕೆಲಸ. ಕೊಡು."

ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಅವನು ಹೋದ ಮೇಲೆ ಸಿಟ್ಟಿನಲ್ಲೇ ಲಕೋಟೆ ಹರಿದೆ. ಗೆರೆ ಹಾಕಿದ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿತ್ತು:

"ಈ ಮನೆಗೆ ನನ್ನ ತಕರಾರಿಲ್ಲ. ಹೊಲ ಕಾಗದದಲ್ಲಿ ನನ್ನದು, ನಿಜದಲ್ಲಿ ಡಿಂಪ್ನಾ ರಾಟಿಗನ್ ಅವರದು. ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯಲ್ಲಿ ನನ್ನ ಅಪ್ಪ ಅದನ್ನು ಅವರ ಅಪ್ಪನಿಗೆ ಕೊಟ್ಟು, ನಮ್ಮ ಮನೆಯ ಹಿಂದಿನ ಹೊಲ ತೆಗೆದುಕೊಂಡ. ಆ ಹಿಂದಿನ ಹೊಲ ಕಾಗದದಲ್ಲಿ ಇಂದಿಗೂ ರಾಟಿಗನ್ ಹೆಸರಲ್ಲೇ, ಅಪ್ಪನ ನಂತರ ಡಿಂಪ್ನಾ ಅವರ ಹೆಸರಲ್ಲಿ, ಇದೆ. ಒಂಬತ್ತು ವರ್ಷದ ಹಿಂದೆ ಮಗಳ ಮನೆಗೆಂದು ಖಾತೆ ತರಿಸಿದಾಗ ನನಗಿದು ಗೊತ್ತಾಯಿತು. ಡಿಂಪ್ನಾ ಅವರ ಸಹಿ ಬೇಕಿತ್ತು. ಅವರ ಮುಂದೆ ನಿಂತಿದ್ದರೂ ಕೇಳಲು ನನಗೆ ಬಾಯಿ ಬರಲಿಲ್ಲ. ಅವರು ನನ್ನ ಬಾಗಿಲಿಗೆ ಬಂದು ಕೇಳಿದರು. ಇದು ಕಡತದಲ್ಲಿರಲಿ ಎಂದು ಬರೆದಿದ್ದೇನೆ."

ತಕರಾರಿಲ್ಲ ಎಂದು ಹೇಳಲು ಇಪ್ಪತ್ತು ಯೂರೋ ಕಟ್ಟಿದವನನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಡಿಂಪ್ನಾಗೆ ಫೋನ್ ಮಾಡಿದೆ. ಬಂದು ಕಿಟಕಿಯ ಮುಂದೆ ನಿಂತೇ ಓದಿದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಅವತ್ತು ಖಾತೆ ಎಲ್ಲಿ ಅಂತ ಕೇಳಿದೆ," ಎಂದಳು. "ಯಾಕೆ ತರ್ಲಿಲ್ಲ ಅಂತ ಒಂದು ಮಾತು ಕೇಳ್ಲಿಲ್ಲ, ಕೋಲಂ."

ಹಾಳೆಯನ್ನು ನನ್ನ ಕಡೆ ವಾಪಸ್ ತಳ್ಳಿ, "ಒಂದು ಖಾಲಿ ಅರ್ಜಿ ಕೊಡು," ಎಂದಳು.

"ಯಾರಿಗೆ?"

"ಸೊರಕಾ ಲೋಹನ್‌ಗೆ."

ಹೊಸ ಯೋಜನೆಗೆ ಮೂರು ವಾರ ಉಳಿದಿತ್ತು. "ಎಂಟು ವಾರದ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇದು ಆಗಲ್ಲ," ಎಂದೆ.

"ಗೊತ್ತು. ಆ ಅರ್ಜಿಗೆ ನನ್ನ ಒಪ್ಪಿಗೆ ಪತ್ರ ಬೇಕು. ಅದನ್ನಾದ್ರೂ ಕೊಡ್ತೀನಿ."

ಅವಳ ಮನೆಗೆ ಅನುಮತಿ ಸಿಕ್ಕಿತು. ಈಗ ಅಲ್ಲೇ ಇದ್ದಾಳೆ, ಬಾಗಿಲು ನೆಲಕ್ಕೆ ಸಮನಾಗಿದೆ. ಸೊರಕಾಳ ಅರ್ಜಿ ಹತ್ತು ದಿನದಲ್ಲಿ ನನ್ನ ಕಿಟಕಿಗೆ ಬಂತು, ಅವಳ ಅಪ್ಪ ಮತ್ತು ಡಿಂಪ್ನಾ ಜೊತೆಯಾಗಿ ತಂದುಕೊಟ್ಟರು. ಅಷ್ಟರಲ್ಲಿ ಹೊಸ ಯೋಜನೆ ಜಾರಿಗೆ ಬಂದು, ಎರಡು ತಿಂಗಳಿಗೆ ಅದು ತಿರಸ್ಕೃತವಾಯಿತು. ಆರು ಪ್ರತಿ ಇತ್ತು, ಬಾಣ ಇತ್ತು, ಖಾತೆ ಪತ್ರ ಇತ್ತು, ಒಪ್ಪಿಗೆಯ ಕೆಳಗೆ ಡಿಂಪ್ನಾಳ ಸಹಿ ಇತ್ತು. ನಾನು ಎರಡೆರಡು ಸಲ ನೋಡಿದೆ, ಅರ್ಜಿಯಲ್ಲಿ ಒಂದು ತಪ್ಪೂ ಇರಲಿಲ್ಲ.