ಹೆಣ್ಣಿನ ಕಡೆ, ಗಂಡಿನ ಕಡೆ, ನಡುವೆ ಟೀಚರು

ಕಳೆದ ಭಾನುವಾರ ಒಂದು ಗುಪ್ತಚರ ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದೆ. ಅದೂ ಎಲ್ಲಿ? ನನಗೆ ಮಗ್ಗಿ ಕಲಿಸಿದ ಟೀಚರ ಮನೆಯಲ್ಲಿ.

ವಿಷಯ ಇಷ್ಟು. ಡೊಂಬಿವಲಿಯಲ್ಲಿರುವ ನನ್ನ ಅಣ್ಣನ ಮಗಳು ಶ್ವೇತಾಳಿಗೆ ಒಂದು ಸಂಬಂಧ ಬಂತು. "ಬಂತು" ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಹುಡುಗ ಪ್ರಸಾದನೂ ಇವಳೂ ದಿನಾ ಠಾಣೆಯಿಂದ ವಾಶಿಗೆ ಒಂದೇ ಲೋಕಲ್ ರೈಲಿನಲ್ಲಿ ಹೋಗಿ ಹೋಗಿ ಸಂಬಂಧವನ್ನು ತಾವೇ ತಂದುಕೊಂಡಿದ್ದರು. ಎರಡೂ ಮನೆಯ ಹಿರಿಯರು ಏನೂ ಗೊತ್ತಿಲ್ಲದವರ ಹಾಗೆ ಜಾತಕ ತರಿಸಿದರು. (ನಮ್ಮಲ್ಲಿ ಲವ್ ಮ್ಯಾರೇಜಿಗೂ ಅರೇಂಜ್ಡ್ ಮ್ಯಾರೇಜಿನ ಅಂಗಿ ತೊಡಿಸದೆ ಯಾರೂ ಹಾಲ್ ಬುಕ್ ಮಾಡುವುದಿಲ್ಲ.)

ಜಾತಕ ಕೂಡಿತು. ಉಳಿದದ್ದು ವಿಚಾರಣೆ. ಮುಂಬಯಿ ಸೇರಿ ಎಷ್ಟು ಕಾಲವಾದರೇನು, ನಾವು ಉಡುಪಿ ಕಡೆಯವರು ನಾಲ್ಕು ಜನರ ಹತ್ತಿರ ವಿಚಾರಿಸದೆ ಹೆಣ್ಣು ಕೊಡುವುದಿಲ್ಲ, ತರುವುದೂ ಇಲ್ಲ. ಅಣ್ಣನ ಕಿವಿಗೆ ಆಗಲೇ ಒಂದು ಸುದ್ದಿ ಬಿದ್ದಿತ್ತು. ಹುಡುಗನ ಅಪ್ಪ ಭೋಜಣ್ಣ, ವಾಶಿಯಲ್ಲಿ ಹೋಟೆಲು ನಡೆಸುವವರು, ಮಹಾ ಕೋಪಿಷ್ಠರಂತೆ. ಗಲ್ಲಾದಲ್ಲಿ ಕೂತು ಒಮ್ಮೆ ಗದರಿದರೆ ಒಳಗೆ ದೋಸೆ ತಾನಾಗಿಯೇ ಮಗುಚಿಕೊಳ್ಳುತ್ತದಂತೆ.

"ದಿನಾ ಕಣ್ಣೀರು ಹಾಕ್ಲಿಕ್ಕೆ ನಾನು ಮಗಳನ್ನು ಕೊಡುದಿಲ್ಲ," ಅಂದ ಅಣ್ಣ. "ಅವರೂ ನಮ್ಮ ಶಾಲೆಯವರೇ ಅಂತೆ. ನೀನು ಗಿರಿಜಾ ಟೀಚರನ್ನು ಕೇಳಿ ಬಾ. ಅವರು ಬೇಡ ಅಂದ್ರೆ ಬೇಡ."

ಹುಡುಗಿಯ ಅಪ್ಪ ತಾನೇ ಹೋಗುವಂತಿಲ್ಲ, ಚಿಕ್ಕಪ್ಪನೇ ಹೋಗಬೇಕು. ಅಣ್ಣನ ಮನೆಯಿಂದ ಹೊರಡುವಾಗ ಶ್ವೇತಾ ನನ್ನನ್ನು ಬಾಲ್ಕನಿಗೆ ಎಳೆದಳು. "ಕಾಕಾ, ಪ್ಲೀಸ್ ಹಾಂ! ಕುಛ್ ಗಡಬಡ್ ಮತ್ ಕರ್ನಾ. ಪಪ್ಪಾ ನಹೀ ಬೋಲೇ ತೋ ಖತಂ." ಏನೂ ಎಡವಟ್ಟು ಮಾಡಬೇಡ, ಪಪ್ಪ ಬೇಡ ಅಂದರೆ ಮುಗೀತು ಅಂತ. ಕಣ್ಣು ತುಂಬಿಕೊಂಡಿತ್ತು. (ಹುಟ್ಟಿದ್ದು ಇಲ್ಲೇ ನೋಡಿ. ಕನ್ನಡ ಅರ್ಥವಾಗುತ್ತದೆ, ಅಳು ಮಾತ್ರ ಹಿಂದಿಯಲ್ಲಿ.)

ನಮ್ಮ ಡೊಂಬಿವಲಿಯ ಕನ್ನಡ ಶಾಲೆ ಹಳೆಯದು. ಎಷ್ಟು ಹಳೆಯದು ಅಂದರೆ, ನನ್ನ ಕಿವಿ ಹಿಂಡಿದ ಟೀಚರೇ ಅಣ್ಣನ ಕಿವಿಯನ್ನೂ ಅತ್ತಿಗೆಯ ಕಿವಿಯನ್ನೂ ಹಿಂಡಿದ್ದಾರೆ. ಅಂಥ ಶಾಲೆಯಲ್ಲಿ ಓದಿ ಏನು ಲಾಭ ಅಂತ ಈಗಿನವರು ಕೇಳುತ್ತಾರೆ. ಸ್ವಿಮ್ಮಿಂಗ್ ಪೂಲ್ ಇರಲಿಲ್ಲ, ನಿಜ. ಜುಲೈ ತಿಂಗಳಲ್ಲಿ ಆಟದ ಮೈದಾನವೇ ಪೂಲ್ ಆಗುತ್ತಿತ್ತು. ರೋಬೊಟಿಕ್ಸ್ ಇರಲಿಲ್ಲ. ನಾವೇ ರೋಬೊಗಳ ಹಾಗೆ ಎದ್ದು ಕೂರುತ್ತಿದ್ದೆವು. ಲಾಭ ಇರುವುದು ಬೇರೆ ಕಡೆ. ಠಾಣೆಯಿಂದ ಕಲ್ಯಾಣದ ತನಕ ನೀವು ಯಾವ ಕೌಂಟರಿನ ಮುಂದೆ ನಿಂತರೂ ಆಚೆ ಬದಿಯಲ್ಲಿ ನಮ್ಮ ಶಾಲೆಯವರೊಬ್ಬರು ಇರುತ್ತಾರೆ. ಕಲ್ಯಾಣದ ಲ್ಯಾಬೊಂದರಲ್ಲಿ ರಕ್ತ ತೆಗೆಯುವಾಕೆ ನನ್ನ ಮುಖ ನೋಡಿ, "ನೀನು ಎಂಟನೇ ಬಿ ಅಲ್ವಾ?" ಅಂದಿದ್ದಳು. ಆಮೇಲೆ ಸೂಜಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದಳು. (ಕಾರಣ ಇಬ್ಬರಿಗೂ ಗೊತ್ತು.)

ಇರಲಿ. ನಾನಿರುವುದು ಸಾನಪಾಡಾದಲ್ಲಿ. ಭಾನುವಾರ ಬೆಳಿಗ್ಗೆ ಒಂದು ಡಬ್ಬಿ ಕಾಜು ಕತ್ಲಿ ಹಿಡಿದು ಹೊರಟೆ. ಠಾಣೆಯಲ್ಲಿ ಗಾಡಿ ಬದಲಿಸಿ, ಕಳವಾ ದಾಟಿ, ಠಾಕುರ್ಲಿಯಲ್ಲಿ ಇಳಿದೆ. ರಿಟೈರಾದ ಮೇಲೆ ಗಿರಿಜಾ ಟೀಚರ್ ಅಲ್ಲೇ ಸ್ಟೇಷನ್ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನಲ್ಲಿದ್ದಾರೆ.

ಬಾಗಿಲು ತೆರೆದೇ ಇತ್ತು. ಸೋಫಾದ ಮೇಲೆ ಒಬ್ಬ ದಪ್ಪ ಮನುಷ್ಯ. ಕೊರಳಲ್ಲಿ ದಪ್ಪ ಚಿನ್ನದ ಚೈನು. ಮೊಣಕಾಲು ಜೋಡಿಸಿಕೊಂಡು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಟೀಪಾಯಿಯ ಮೇಲೆ ಒಂದು ಸ್ವೀಟ್ ಡಬ್ಬಿ. ಮುಖವನ್ನು ವಾಟ್ಸಾಪ್‌ನಲ್ಲಿ ನೋಡಿದ್ದೆ. ಸಾಕ್ಷಾತ್ ಭೋಜಣ್ಣ!

ಅವರಿಗೂ ನನ್ನ ಗುರುತು ಸಿಕ್ಕಿತು. (ಈ ಅಂಕಣದ ನೆತ್ತಿಯ ಮೇಲೆ ಪ್ರತಿ ವಾರ ನನ್ನ ಫೋಟೋ ಬರುತ್ತದೆ. ಗುಪ್ತಚರನಾಗುವವನು ಈ ಚಟ ಇಟ್ಟುಕೊಳ್ಳಬಾರದು.)

"ಸುಮ್ಮನೆ, ಟೀಚರನ್ನು ಮಾತಾಡಿಸಿ ಹೋಗುವಾ ಅಂತ," ಎಂದರು ಭೋಜಣ್ಣ.

"ನಾನೂ ಸುಮ್ಮನೆ," ಎಂದೆ.

"ಸುಮ್ಮನೆ ಬರುವವರು ಸ್ವೀಟ್ ತರುದಿಲ್ಲ," ಅಂದರು ಅಡುಗೆಮನೆಯಿಂದ ಹೊರಬಂದ ಗಿರಿಜಾ ಟೀಚರ್. "ಭೋಜ, ನೀನು ಬಂದದ್ದು ಇವನ ಮನೆ ಹೇಗೆ ಅಂತ ಕೇಳ್ಲಿಕ್ಕೆ. ಸುಧಾಕರ, ನೀನು ಬಂದದ್ದು ಇವನ ಮನೆ ಹೇಗೆ ಅಂತ ಕೇಳ್ಲಿಕ್ಕೆ. ಹೌದಾ ಅಲ್ವಾ?"

"ಹೌ...ದು ಟೀಚ...ರ್," ಎಂದೆವು ಇಬ್ಬರೂ ಒಟ್ಟಿಗೆ, ಕ್ಲಾಸಿನ ಅದೇ ರಾಗದಲ್ಲಿ.

"ಹಾಗಾದ್ರೆ ಬೇರೆ ಬೇರೆ ಯಾಕೆ ಹೇಳುದು? ಎದುರೆದುರೇ ಕೇಳಿ. ಮತ್ತೆ ನನ್ನ ಸೀರಿಯಲ್ ಶುರುವಾಗ್ತದೆ. ಭೋಜ, ನಿಂಗೆ ಎಂತ ಸಂಶಯ?"

ವಾಶಿಯ ಹೋಟೆಲನ್ನೇ ನಡುಗಿಸುವ ಮನುಷ್ಯ ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಇವ್ರು ಪೇಪರಿನಲ್ಲಿ ಬರೀತಾರೆ ಟೀಚರ್. ಬರೆಯುವವರು ಭಾರೀ ಚಾಲೂ ಇರ್ತಾರೆ. ಮನೆಯವರೆಲ್ಲ ಹೀಗೇ ಆದ್ರೆ? ನನ್ನ ಮಗ ಪಾಪದವ. ನಮ್ಮ ಮನೆಯ ಸಂಗತಿಯೆಲ್ಲ ನಾಳೆ ಪೇಪರಿಗೆ ಬಂದ್ರೆ?" (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ ಭೋಜಣ್ಣ, ಹೆದರಬೇಡಿ.)

ಟೀಚರ್ ನಕ್ಕ ನಗೆಗೆ ಕನ್ನಡಕ ಮೂಗಿನಿಂದ ಜಾರಿತು. "ಇವನಾ? ಚಾಲೂ? ಕೇಳು. ಒಂದು ದಿನ ಇವನ ದೋಸ್ತಿ ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋದ. ಹಾಜರಿಯಲ್ಲಿ ನನ್ನ ಹೆಸರಿಗೂ ನೀನೇ ಪ್ರೆಸೆಂಟ್ ಹೇಳು ಅಂತ ಇವನಿಗೆ ಹೇಳಿ ಹೋಗಿದ್ದ. ಇವ ಹೇಳಿದ. ಆಮೇಲೆ ಇವನ ಹೆಸರು ಕರೆದೆ. ಸದ್ದಿಲ್ಲ! ಯಾಕೋ ಅಂದ್ರೆ, 'ಒಮ್ಮೆ ಹೇಳಿ ಆಯ್ತಲ್ಲ ಟೀಚರ್' ಅಂತ! ಸಿನಿಮಾಕ್ಕೆ ಹೋದವ ಹಾಜರು, ಬೆಂಚಿನಲ್ಲಿ ಕೂತವ ಗೈರು. ಇವನಿಗೆ ಮೋಸ ಮಾಡ್ಲಿಕ್ಕೆ ಬರುದಿಲ್ಲ ಮಾರಾಯ. ಮಾಡಿದ್ರೂ ಲಾಸ್ ಇವನಿಗೇ. ಇವನ ಅಣ್ಣ ಇವನಿಗಿಂತ ಒಂದು ಪಟ್ಟು ಹೆಚ್ಚು."

ನಾನು ಫ್ಯಾನಿನ ರೆಕ್ಕೆ ನೋಡುತ್ತಾ ಕೂತೆ. ಭೋಜಣ್ಣನ ಮುಖ ಮಾತ್ರ ಅರಳಿತು. "ಹಾಗಾದ್ರೆ ಅಡ್ಡಿ ಇಲ್ಲ," ಅಂದರು. ಬರೆಯುವವನಿಗೆ ಇದಕ್ಕಿಂತ ಅವಮಾನ ಬೇಕೇ?

ಈಗ ನನ್ನ ಸರದಿ. ಸೇಡು ತೀರಿಸಿಕೊಳ್ಳುವ ಹುಮ್ಮಸ್ಸಿನಲ್ಲೇ ಬಾಯಿ ತೆರೆದೆ. ಆದರೆ ಬಾಲ್ಕನಿಯಲ್ಲಿ ಕಂಡ ಶ್ವೇತಾಳ ಮುಖ ನೆನಪಾಗಿ ದನಿ ಇಳಿಯಿತು. "ಇವರಿಗೆ ಕೋಪ ಸ್ವಲ್ಪ ಜಾಸ್ತಿ ಅಂತ ಕೇಳಿದೆವು ಟೀಚರ್. ಹುಡುಗಿ ಅಲ್ಲಿ ಹೋಗಿ ದಿನಾ ಅಳುವ ಹಾಗಾದರೆ ಅಂತ ಅಣ್ಣನಿಗೆ ಹೆದರಿಕೆ."

"ಬೊಬ್ಬೆ ಹೊಡೀತಾನೆ, ಹೌದು. ಆಗಲೂ ಹೊಡೀತಿದ್ದ," ಅಂದರು ಟೀಚರ್. "ಅದಕ್ಕೇ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ಇವನಿಗೆ ಡಕಾಯಿತನ ಪಾರ್ಟು ಕೊಟ್ಟೆ. ಸಾಹುಕಾರನ ಮಗಳನ್ನು ಎಳ್ಕೊಂಡು ಹೋಗ್ಬೇಕು. ಇವನ ಬೊಬ್ಬೆಗೆ ಆ ಹುಡುಗಿ ಸ್ಟೇಜಿನಲ್ಲಿ ನಿಜವಾಗಿ ಅಳ್ಲಿಕ್ಕೆ ಶುರು ಮಾಡಿದ್ಲು. ಇವ ಎಂತ ಮಾಡಿದ ಗೊತ್ತುಂಟಾ? ಬಂದೂಕು ಕೆಳಗಿಟ್ಟ. ಅವಳ ಕಣ್ಣೊರೆಸಿದ. ಕೈ ಹಿಡಿದು ಸಾಹುಕಾರನ ಮನೆಗೆ ವಾಪಸ್ ಬಿಟ್ಟು ಬಂದ! ನಾಟಕ ಅರ್ಧದಲ್ಲೇ ಮುಗೀತು. ಪರದೆ ಎಳೀರಿ ಅಂತ ನಾನೇ ಹೇಳ್ಬೇಕಾಯ್ತು."

"ಪಾಪ, ಅವಳು ನಿಜವಾಗಿ ಅತ್ತಳಲ್ಲ ಟೀಚರ್," ಅಂದರು ಭೋಜಣ್ಣ. ಅವರಿಗೆ ಈಗಲೂ ಬೇಸರವಿತ್ತು. ಚೈನು ತಿರುವುತ್ತಾ ನೆಲ ನೋಡುತ್ತಿದ್ದರು.

ಸತ್ಯ ಹೇಳುತ್ತೇನೆ, ನನ್ನ ಎದೆಯ ಭಾರ ಇಳಿಯಿತು. ಮುಂಬಯಿಯ ಯಾವ ಮ್ಯಾರೇಜ್ ಬ್ಯೂರೋ ಈ ರಿಪೋರ್ಟ್ ಕೊಡುತ್ತದೆ?

"ನಂಗೆ ಶುಗರ್," ಎನ್ನುತ್ತಾ ಟೀಚರ್ ನನ್ನ ಡಬ್ಬಿಯನ್ನು ಭೋಜಣ್ಣನ ಕೈಗಿಟ್ಟರು, ಅವರ ಡಬ್ಬಿಯನ್ನು ನನ್ನ ಕೈಗೆ. "ಆಯ್ತು, ಹೊರಡಿ." ಹೀಗೆ ಹೆಣ್ಣು ನೋಡುವ ಶಾಸ್ತ್ರಕ್ಕೂ ಮೊದಲೇ ಠಾಕುರ್ಲಿಯಲ್ಲಿ ಬೀಗರ ಬಾಯಿ ಸಿಹಿಯಾಯಿತು. ಮೆಟ್ಟಿಲ ಮೇಲಿಂದಲೇ ಶ್ವೇತಾಳಿಗೆ ಫೋನ್ ಮಾಡಿದೆ. ಮತ್ತೆ ಅತ್ತಳು. ಈ ಸಲ ಮರಾಠಿಯಲ್ಲಿ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಬಾಗಿಲ ತನಕ ಬಂದಿದ್ದ ಟೀಚರ್ ಕೇಳಿದರು: "ನಿನ್ನ ಮಗ ಎಲ್ಲಿ ಓದುದು?"

"ಸಾನಪಾಡಾದಲ್ಲೇ ಟೀಚರ್. ಹೊಸ ಶಾಲೆ. ಎಸಿ ಕ್ಲಾಸು!"

"ಹೌದಾ? ಅವನ ಟೀಚರ್ ಯಾರು?"

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಮಗನನ್ನೇ ಕೇಳಿದೆ. ಅವನು ವಿಡಿಯೋ ಗೇಮಿನಿಂದ ತಲೆ ಎತ್ತದೆ ಕೇಳಿದ: "ಕೌನ್‌ಸೀವಾಲೀ ಪಪ್ಪಾ? ಜೋ ಗಯೀ, ಜೋ ಆಯೀ, ಯಾ ಜೋ ಜಾನೇವಾಲೀ ಹೈ?" (ಬಿಟ್ಟು ಹೋದವರೋ, ಈಗ ಬಂದವರೋ, ಇನ್ನು ಹೋಗಲಿರುವವರೋ ಅಂತ.)

ಸಂಜೆ ಶಾಲೆಯಿಂದ ಮೊಬೈಲಿಗೆ ಮೆಸೇಜು ಬಂತು. ನಿಮ್ಮ ಮಗ ಎಲ್ಲ ವಿಷಯಗಳಲ್ಲೂ ಅತ್ಯುತ್ತಮ ಅಂತ. ನಾನು ಹಿಗ್ಗುವುದರೊಳಗೆ ಹೆಂಡತಿ ಹೇಳಿದಳು, ನಮ್ಮ ಬಿಲ್ಡಿಂಗಿನ ಎಲ್ಲ ಮಕ್ಕಳ ಮನೆಗೂ ಅದೇ ಮೆಸೇಜು ಬಂದಿದೆಯಂತೆ.

ನಾಳೆ ಇವನಿಗೂ ಸಂಬಂಧ ಬರುತ್ತದೆ. ವಿಚಾರಿಸಲು ಅವರು ಯಾವ ಟೀಚರ ಮನೆಗೆ ಹೋಗಬೇಕು? ಎಲ್ಲದರಲ್ಲೂ ಅತ್ಯುತ್ತಮನಾದ ಹುಡುಗನಿಗೆ, ನೀವೇ ಹೇಳಿ, ನಂಬಿ ಹೆಣ್ಣು ಕೊಡುವವರು ಯಾರು?