ಮೀಟರಿನ ಬಳೆಗೊಂದು ಬೊಟ್ಟು

ಬಿಚ್ಚದೆ ತೊಳೆದದ್ದು ತೊಳೆದಂತಲ್ಲ ಎಂಬುದು ಚಿಕ್ಕಬೋರಮ್ಮನ ಧರ್ಮಶಾಸ್ತ್ರದ ಮೊದಲ ಸೂತ್ರ; ಎರಡನೆಯದೊಂದು ಇರುವಂತೆ ಕಾಣುವುದಿಲ್ಲ. ಕೊತ್ತತ್ತಿಯ ಆಲೆಮನೆಯ ಹೊಗೆಯಲ್ಲಿ ಬೆಳೆದವರು ಅವರು. ಆಯುಧಪೂಜೆ ಬಂತೆಂದರೆ ಅವರ ತಂದೆ ಕಬ್ಬಿನ ಗಾಣದ ಉರುಳೆಗಳನ್ನು ಕಳಚಿ, ಹುಣಸೆಹಣ್ಣಿನಿಂದ ಉಜ್ಜಿ, ಬೊಟ್ಟಿಟ್ಟು ಮತ್ತೆ ಜೋಡಿಸುತ್ತಿದ್ದರು. ಮದುವೆಯಾಗಿ ಮಳವಳ್ಳಿಯ ಕಡೆಗೆ ಬಂದಾಗ ತವರಿನಿಂದ ತಂದದ್ದರಲ್ಲಿ ಇಂದಿಗೂ ಸವೆಯದೆ ಉಳಿದಿರುವುದು ಈ ಅಭ್ಯಾಸವೊಂದೇ. ಕುಡುಗೋಲಿನಿಂದ ಮಿಕ್ಸಿಯವರೆಗೆ ಅವರು ಬಿಚ್ಚದ ಸಾಮಾನು ಆ ಮನೆಯಲ್ಲಿಲ್ಲ.

“ಅನ್ನ ಕೊಡೋ ಸಾಮಾನ್ಗೆ ದೂರದಿಂದ ಕೈ ಮುಗುದ್ರೆ ಆಯ್ತದಾ? ಮೈ ತೊಳೀಬೇಕು ಕಣಮ್ಮ” ಎಂದು ಸೊಸೆ ನಾಗರತ್ನಳಿಗೆ ಹೇಳುತ್ತಾರೆ.

ಆ ಮನೆಗೆ ಈಗ ಅನ್ನ ಬರುವುದು ಚಾಕಿ ಕೋಣೆಯಿಂದ. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ನಾಗರತ್ನ ಎರಡನೆಯ ಜ್ವರದವರೆಗೆ ಸಾಕಿ ರೈತರಿಗೆ ಕೊಡುತ್ತಾಳೆ. ಹುಳು ಮೇವು ಬಿಟ್ಟು ಕುಳಿತು ಪೊರೆ ಕಳಚುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಎಳೆಯ ಹುಳುಗಳಿಗೆ ಬೆಚ್ಚನೆಯ, ತೇವದ ಗಾಳಿ ಎಡೆಬಿಡದೆ ಬೇಕು. ತಪ್ಪಿದರೆ ಸೊಪ್ಪು ಒಣಗಿ, ಅರ್ಧ ಹುಳು ಬೆಳವಣಿಗೆಯಲ್ಲಿ ಮುಂದಾಗಿ ಅರ್ಧ ಹಿಂದುಳಿಯುತ್ತವೆ; ಅಂಥ ಹುಳುಗಳನ್ನು ಯಾರೂ ಮುಟ್ಟುವುದಿಲ್ಲ. ಹೋಗಿಬರುವ ಕರೆಂಟನ್ನು ನಂಬಲಾರದೆ ಅವಳು ಕಳೆದ ಬೇಸಗೆಯಲ್ಲಿ ಚಾವಣಿಗೆ ಸೋಲಾರ್, ಒಳಗೆ ಇನ್ವರ್ಟರು, ಬ್ಯಾಟರಿ ಹಾಕಿಸಿದಳು. ಜಗುಲಿಯ ಗೋಡೆಯಲ್ಲಿ ಮೀಟರಿನಿಂದ ಬಾಗಿಲಿನತ್ತ ಸಾಗುವ ತಂತಿಗೆ ಕರಿಯ ಸೆನ್ಸರೊಂದು ಬಳೆಯಂತೆ ಕಚ್ಚಿಕೊಂಡಿತು. ಕರೆಂಟು ಬೀದಿಯಿಂದ ಬರುತ್ತಿದೆಯೋ ಬೀದಿಗೆ ಹೋಗುತ್ತಿದೆಯೋ ಎಂಬುದನ್ನು ಇನ್ವರ್ಟರಿಗೆ ತಿಳಿಸುವುದೇ ಅದರ ಕೆಲಸ. ಹೋಗುತ್ತಿದ್ದರೆ ಮಿಕ್ಕಿದೆಯೆಂದು ಬ್ಯಾಟರಿ ತುಂಬುತ್ತದೆ. ಬರುತ್ತಿದ್ದರೆ ಸಾಲದೆಂದು ಬ್ಯಾಟರಿಯಿಂದ ತೆಗೆಯುತ್ತದೆ. ಮನೆಯವರ ಬಾಯಲ್ಲಿ ಅದು ಬಳೆಯಾಗಿಯೇ ಉಳಿಯಿತು.

ಈ ಸಲದ ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳ ಇನ್ನೂ ಬೀದಿಯಲ್ಲಿ ಬಿದ್ದಿತ್ತು. ಹುಳುಗಳು ಮೊದಲ ಜ್ವರದಿಂದ ಎದ್ದು ಹಸಿದಿದ್ದವು. ಟ್ರಾನ್ಸ್‌ಫಾರ್ಮರ್ ಬದಲಾವಣೆಗೆಂದು ನಾಳೆ ಮಧ್ಯಾಹ್ನ ತೆಗೆಯುವ ಕರೆಂಟು ನಾಡಿದ್ದು ಬೆಳಗಿನ ಜಾವಕ್ಕೆ ಬಂದರೆ ಬಂತು ಎಂದು ಊರಿಗೆ ತಿಳಿಸಲಾಗಿತ್ತು. ನಾಗರತ್ನ ಫೋನು ತೆರೆದು ನೋಡಿದಳು: ನೆತ್ತಿ ಸುಡುವ ಬಿಸಿಲಿದ್ದರೂ ಬ್ಯಾಟರಿ ಬರಿದು, ಕರೆಂಟು ಬೀದಿಯಿಂದ ಬರುತ್ತಿದೆಯಂತೆ! ಅದನ್ನೆಲ್ಲ ಕೂರಿಸಿದ್ದ ಮಳವಳ್ಳಿಯ ನಾಗೇಶನಿಗೆ ಕೂಡಲೇ ಫೋನು ಮಾಡಿದಳು.

“ಈಟರ್ ಆಕಿ ನೋಡಕ್ಕ” ಎಂದ ಅವನು.

“ಆಕ್ದೆ. ಬರೋ ಕರೆಂಟು ಕಮ್ಮಿ ಆಯ್ತು ಅಂತದೆ ಕಣೋ!”

“ಈಟರ್ ಉರುದ್ರೆ ಜಾಸ್ತಿ ತಾನೆ ಬರಬೇಕು? ನಿಮ್ಮ ಬಳೆ ತಲೆಕೆಳಗಾಗದೆ. ಮುಟ್ಬ್ಯಾಡಿ, ಬತ್ತೀನಿ.”

ಬಂದವನು ಗೋಡೆಯ ಮುಂದೆ ನಿಂತು ನಕ್ಕುಬಿಟ್ಟ. ಬಳೆಯ ಮೇಲಿನ ಬಾಣ ಮನೆಯ ಕಡೆಗೆ ತಿರುಗಿರಬೇಕಿತ್ತು. ಅದು ಬೀದಿಯನ್ನು ನೋಡುತ್ತಿತ್ತು. ಬೀದಿಯ ಕಡೆಗಿದ್ದ ನುಣುಪು ಮುಖದ ಮೇಲೆ ದುಂಡನೆಯ ಕುಂಕುಮ.

“ಯಾರಿದ್ನ ಬಿಚ್ಚಿದ್ದು?”

ಸೊಪ್ಪು ಹೆಚ್ಚುತ್ತಿದ್ದ ಚಿಕ್ಕಬೋರಮ್ಮ ತಲೆಯೆತ್ತಲಿಲ್ಲ. “ನಾನೇ ಕಣ್ಲಾ. ಕಳ್ಳತನ ಮಾಡಿದ್ನಾ? ಚಟಕ್ ಅಂತ ತೆರ್ಕೊಳ್ತು, ಒರಸ್ದೆ, ಬೊಟ್ಟಿಟ್ಟೆ. ಬೊಟ್ಟಿಟ್ಟ ಮೊಕ ಬರೋರ್ಗೆ ಕಾಣ್ಬೇಕಲ್ವಾ? ತಿರುಗ್ಸಿ ಆಕ್ದೆ.”

“ಕರೆಂಟು ವಡ್ದಿದ್ರೆ ನಿಮ್ಗೇ ಬೊಟ್ಟಿಡ್ಬೇಕಾಗ್ತಿತ್ತು ಅಜ್ಜಿ!”

“ಇಡ್ಲಿ ಬುಡು, ಮುತ್ತೈದೆ ನಾನು.”

ನಾಗರತ್ನಳಿಗೆ ಮಾತ್ರ ನಗು ಬರಲಿಲ್ಲ. ಪೂಜೆಯ ದಿನದಿಂದಲೂ ಬಿಸಿಲಿನ ಮಿಗತೆ ಬೀದಿಗೆ ಹರಿದಾಗಲೆಲ್ಲ ಇನ್ವರ್ಟರು ಅದನ್ನು ಕೊರತೆಯೆಂದೇ ಬಗೆದು ಬ್ಯಾಟರಿಯನ್ನೂ ಬಸಿದಿತ್ತು. “ನಾಳೆ ಕರೆಂಟಿಲ್ಲ ಅತ್ತೆ. ಉಳ ಎಚ್ಚುಕಮ್ಮಿ ಆದ್ರೆ ನನ್ನ ಚಾಕಿ ಇನ್ಯಾರು ಕೇಳ್ತಾರೆ?” ಎಂದಳು.

ಚಿಕ್ಕಬೋರಮ್ಮನ ಕತ್ತಿ ನಿಂತಿತು. ಸೊಪ್ಪಿನ ಮಂಕರಿ ಬದಿಗೆ ಸರಿಸಿ ಎದ್ದು ಬಂದು, ನಾಗೇಶ ಮೇನ್ ಆರಿಸಿ ಬಳೆಯನ್ನು ತಿರುಗಿಸುವುದನ್ನು ಬಾಗಿ ನೋಡಿದರು. “ಬಾಣ ವೊಳೀಕೆ?” ಎಂದು ಕೇಳಿದರು. “ವೊಳೀಕೆ” ಎಂದ. ಮತ್ತೊಮ್ಮೆ ಕೇಳಿದರು, ಅವನು ಮತ್ತೊಮ್ಮೆ ಹೇಳಿದ. ಕುಂಕುಮವೀಗ ಬಾಗಿಲಿನತ್ತ ತಿರುಗಿತ್ತು. “ಓಗ್ಲಿ, ನಮ್ಗಾದ್ರೂ ಕಾಣ್ತದೆ” ಎಂದು ಸಮಾಧಾನಪಟ್ಟುಕೊಂಡರು.

ಆ ಇಳಿಬಿಸಿಲು ಬ್ಯಾಟರಿಯನ್ನು ಅರ್ಧದಷ್ಟು ತುಂಬಿತು. ಉಳಿದದ್ದನ್ನು ಮರುದಿನದ ಬೆಳಗು ತುಂಬಿತು. ಅಷ್ಟು ಹೊತ್ತೂ ಚಿಕ್ಕಬೋರಮ್ಮ ಟಿವಿ, ಮಿಕ್ಸಿ, ಫ್ಯಾನುಗಳನ್ನು ಕಾವಲು ಕಾದು ಆರಿಸಿದರು. ಚಟ್ನಿ ಒರಳಿನಲ್ಲೇ ಆಯಿತು. ಮಧ್ಯಾಹ್ನ ಬೀದಿಯ ಸದ್ದೆಲ್ಲ ಒಮ್ಮೆಲೆ ಅಡಗಿದಾಗ ಅತ್ತೆಸೊಸೆ ಚಾಕಿ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತರು. ಒಳಗೆ ಮಂಜು ಚಿಮ್ಮುವ ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಕತ್ತಲಾದ ಮೇಲೂ ಇತ್ತು.

ಹುಳುಗಳೆಲ್ಲ ಒಟ್ಟಿಗೆ ಜ್ವರಕ್ಕೆ ಕೂತವು, ಒಟ್ಟಿಗೆ ಎದ್ದವು. ಕೊಳ್ಳಲು ಬಂದ ಮರಿಸಿದ್ದಯ್ಯ ತಟ್ಟೆಗಳ ಮೇಲೆ ಕಣ್ಣಾಡಿಸಿ, “ಅಚ್ಚಿನಲ್ಲಿ ವೊಯ್ದಂಗವೆ ಕಣಮ್ಮ ನಾಗರತ್ನ, ಮುಂದ್ಲ ಸಲಕ್ಕೂ ನಂಗೇ ಇರ್ಲಿ” ಎಂದರು. ಹುಳು ಹೊತ್ತು ಹೊರಟವರ ಕಾಲು ಜಗುಲಿಯಲ್ಲಿ ತಡೆಯಿತು. ಮೀಟರಿನ ಕೆಳಗೆ, ನೆಲದಲ್ಲಿ, ಬಾಗಿಲಿನತ್ತ ಮೂತಿಯಿಟ್ಟ ಉದ್ದನೆಯ ಬಾಣದ ರಂಗೋಲಿ. ತುದಿಗೊಂದು ಕುಂಕುಮದ ಬೊಟ್ಟು.

“ಇದ್ಯಾವ್ ಪೂಜೆ ಕಣಮ್ಮ?”

“ಕರೆಂಟು ಬರೋ ದಾರಿ ಕಣಯ್ಯ,” ಎಂದರು ಚಿಕ್ಕಬೋರಮ್ಮ, “ತುಳೀಬ್ಯಾಡ. ಪಕ್ಕುಕ್ ಓಗು.”